ಎನ್‌ಐಆರ್ ಕೊಟ್ಟ ಉತ್ತರಕ್ಕೆ ± ಎಷ್ಟು? ಪಿಎಲ್‌ಎಸ್ ಕ್ಯಾಲಿಬ್ರೇಷನ್‌ನಲ್ಲಿ ಅನಿಶ್ಚಿತತೆ ಲೆಕ್ಕ ಹಾಕುವ ಸಮಗ್ರ ಮಾರ್ಗದರ್ಶಿ

ಎನ್‌ಐಆರ್ ಎಂದರೆ ಅವಗೆಂಪಿಗೆ ಹತ್ತಿರದ ಬೆಳಕಿನಲ್ಲಿ ಸ್ಯಾಂಪಲ್ ಸ್ಕ್ಯಾನ್ ಮಾಡುವ ವಿಧಾನ; ಸಿಕ್ಕ ಸ್ಪೆಕ್ಟ್ರಂನಿಂದ ಪ್ರೋಟೀನ್ ಬೆಲೆ ತೆಗೆಯುವ ರಿಗ್ರೆಷನ್ ಲೆಕ್ಕವೇ ಪಿಎಲ್‌ಎಸ್. ಇಂಥ ಒಂದು ಮೆಕ್ಕೆಜೋಳದ ರಿಪೋರ್ಟಿನಲ್ಲಿ ಪ್ರೋಟೀನ್ 9.12 ± 0.28 ಎಂದಿದೆ. ಈ 0.28 ಎಲ್ಲಿಂದ ಬಂತು ಎಂದು ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ಸಂಸ್ಥೆ) ಅಸೆಸರ್ ಕೇಳಿದಾಗ ಬೆರಳು ನೇರವಾಗಿ ಸಾಫ್ಟ್‌ವೇರ್ ಪರದೆಯತ್ತ ಹೋಗುತ್ತದೆ: ಆರ್‌ಎಂಎಸ್‌ಇಸಿವಿ (ಕ್ರಾಸ್ ವ್ಯಾಲಿಡೇಷನ್‌ನಲ್ಲಿ ಬಂದ ದೋಷ) 0.275 ಇತ್ತು, ಅದನ್ನೇ ಬರೆದೆವು. ತಪ್ಪು ಒಂದಲ್ಲ, ಮೂರು. ಅದು ಎಲ್ಲ ಸ್ಯಾಂಪಲ್‌ಗಳ ಸರಾಸರಿ ದೋಷ, ಈ ಸ್ಯಾಂಪಲ್‌ನದ್ದಲ್ಲ. ಅದರೊಳಗೆ, ಹೋಲಿಕೆಗೆ ಬಳಸಿದ ಕೆಲ್ಡಾಲ್ ಎಂಬ ರಾಸಾಯನಿಕ ಪರೀಕ್ಷೆಯ ದೋಷವೂ ಬೆರೆತಿದೆ. ಮೇಲಾಗಿ, ಒಂದು ಪ್ರಮಾಣಿತ ವಿಚಲನೆಯನ್ನು ಯಾವ ಗುಣಕವನ್ನೂ ಹಾಕದೆ ± ಮುಂದೆ ತಂದಿಡಲಾಗಿದೆ.

ಮೂರನ್ನೂ ಸರಿಪಡಿಸುವುದು ಕಷ್ಟವಲ್ಲ. ಆದರೆ ಕೆಲಸ ಕ್ರಮವಾಗಿ ಆಗಬೇಕು. ಮಾಡೆಲ್ ಕಟ್ಟಿ ಮುಗಿಸಿದ ಮೇಲೆ ಅನಿಶ್ಚಿತತೆ ಹುಡುಕಲು ಹೊರಟವರು ಸಿಕ್ಕಿಕೊಳ್ಳುವುದು ಒಂದೇ ಜಾಗದಲ್ಲಿ: ರೆಫರೆನ್ಸ್ ವಿಧಾನದ ದೋಷ ಎಷ್ಟೆಂದು ಅವರ ಬಳಿ ಅಂಕಿಯೇ ಇರುವುದಿಲ್ಲ, ಪುಡಿ ಆಗಲೇ ಖಾಲಿಯಾಗಿರುತ್ತದೆ.

ಉದಾಹರಣೆಗೆ ಹಿಡಿದಿರುವುದು ಪುಡಿ ಮಾಡಿದ ಮೆಕ್ಕೆಜೋಳ. ದಾವಣಗೆರೆ, ಹಾವೇರಿ ಕಡೆಯಿಂದ ಪಶು ಆಹಾರ, ಕೋಳಿ ಆಹಾರದ ಗಿರಣಿಗಳಿಗೆ ಲೋಡ್ ಬಂದಾಗ ಗೇಟಿನಲ್ಲೇ ನೋಡುವಂಥ ಪರೀಕ್ಷೆ. ರೆಫರೆನ್ಸ್ ಕೆಲ್ಡಾಲ್, ನೈಟ್ರೋಜನ್ × 6.25. ಮಾಡೆಲ್‌ಗೆ 60 ಸ್ಯಾಂಪಲ್, ಪರೀಕ್ಷೆಗೆ 24, ಪಿಎಲ್‌ಎಸ್ ಫ್ಯಾಕ್ಟರ್ (ಇಡೀ ಸ್ಪೆಕ್ಟ್ರಂ ಅನ್ನು ಅಡಕ ಮಾಡಿದ ಕೆಲವೇ ಅಕ್ಷಗಳು) 6. ಅಂಕಿಗಳನ್ನು ಲೆಕ್ಕದ ದಾರಿ ತೋರಿಸಲೆಂದು ಹಾಕಿಕೊಂಡಿದ್ದೇವೆ. ನಿಮ್ಮ ಲ್ಯಾಬಿನವು ಬೇರೆಯೇ ಇರುತ್ತವೆ. ಘಟಕ ಎಲ್ಲ ಕಡೆ 100 ಗ್ರಾಂಗೆ ಇಷ್ಟು ಗ್ರಾಂ ಪ್ರೋಟೀನ್. ಹಾಲಿನ ಕೊಬ್ಬಿಗೂ ಮಾತ್ರೆಯಲ್ಲಿನ ಔಷಧಿಗೂ ಡೀಸೆಲ್ಲಿಗೂ ದಾರಿ ಇದೇ.

ಕೈಯಲ್ಲಿ ಇರಬೇಕಾದ್ದು

ಪ್ರತಿ ಸ್ಯಾಂಪಲ್‌ಗೆ ಕನಿಷ್ಠ ಎರಡು ರೆಫರೆನ್ಸ್ ಬೆಲೆ, ಅವೆರಡೂ ಬಿಡಿಬಿಡಿಯಾಗಿ. ಸರಾಸರಿ ಮಾತ್ರ ಉಳಿಸಿಕೊಂಡಿದ್ದರೆ ಹಳೆಯ ವರ್ಕ್‌ಶೀಟ್ ತೆಗೆದು ಎರಡನ್ನೂ ಬರೆದುಕೊಳ್ಳಿ.

ಮಾಡೆಲ್‌ನ ಸ್ಕೋರ್‌ಗಳನ್ನು (ಪ್ರತಿ ಫ್ಯಾಕ್ಟರ್ ಮೇಲೆ ಸ್ಯಾಂಪಲ್‌ನ ಸ್ಥಾನ), ಇಲ್ಲವೇ ಲೆವರೇಜ್ ಅಥವಾ ಹೊಟೆಲಿಂಗ್ ಟಿ-ಸ್ಕ್ವೇರ್ (ಎರಡೂ ಸ್ಯಾಂಪಲ್ ನಡುಬಿಂದುವಿನಿಂದ ಎಷ್ಟು ದೂರ ಎಂಬ ಅಳತೆ, ಹಂತ 6ರಲ್ಲಿದೆ) ಬೆಲೆಯನ್ನು ಹೊರಗೆ ಕೊಡುವ ಸಾಫ್ಟ್‌ವೇರ್. ಆರ್ ಭಾಷೆಯ ಪಿಎಲ್‌ಎಸ್ ಪ್ಯಾಕೇಜ್, ಪೈಥಾನ್‌ನ ಸೈಕಿಟ್-ಲರ್ನ್ ಎರಡೂ ಸಾಕು. ಸೈಕಿಟ್-ಲರ್ನ್ ಬಳಸುವವರು ಒಂದು ಎಚ್ಚರ ಇಟ್ಟುಕೊಳ್ಳಿ: ಅದು ಕೇಳದೆಯೇ ಪ್ರತಿ ತರಂಗಾಂತರವನ್ನೂ ಸ್ಕೇಲ್ ಮಾಡುತ್ತದೆ. ಸ್ಪೆಕ್ಟ್ರಂಗೆ ಸಾಮಾನ್ಯವಾಗಿ ಅದು ಬೇಡ. ಏನೂ ಇಲ್ಲದ ಸಪ್ಪೆ ಭಾಗದ ಗದ್ದಲವೂ ದೊಡ್ಡದಾಗಿಬಿಡುತ್ತದೆ. ಆ ಆಯ್ಕೆ ಆಫ್ ಮಾಡಿ.

ಇವುಗಳ ಜೊತೆಗೆ ಪ್ರಮಾಣಪತ್ರವಿರುವ ಒಂದು ರೆಫರೆನ್ಸ್ ಮೆಟೀರಿಯಲ್, ಪುಡಿ ತುಂಬಲು ಗಾಳಿಯಾಡದ ಡಬ್ಬಿಗಳು, ಒಂದು ಸ್ಪ್ರೆಡ್‌ಶೀಟ್.

ಕೈ ಪಳಗಿಸಿಕೊಳ್ಳಲು ಸಾರ್ವಜನಿಕವಾಗಿ ಸಿಗುವ ಕಾರ್ನ್ ಡೇಟಾ ಇದೆ: 80 ಸ್ಯಾಂಪಲ್, 3 ಉಪಕರಣ, 1100ರಿಂದ 2498 ನ್ಯಾನೋಮೀಟರ್‌ವರೆಗೆ 2ರ ಅಂತರದಲ್ಲಿ 700 ಬಿಂದು. ಲೆವರೇಜ್ ಲೆಕ್ಕ ಕಲಿಯಲು ಚೆನ್ನಾಗಿದೆ. ಆದರೆ ಅದರಲ್ಲಿ ಪ್ರತಿ ಸ್ಯಾಂಪಲ್‌ಗೆ ಒಂದೊಂದೇ ರೆಫರೆನ್ಸ್ ಬೆಲೆ ಇರುವುದರಿಂದ ಹಂತ 2 ಅಲ್ಲಿ ಮಾಡಲಾಗದು.

ಹಂತ 1: ಸ್ಕ್ಯಾನ್ ಆದ ಪುಡಿಯೇ ಕೆಲ್ಡಾಲ್‌ಗೆ ಹೋಗಲಿ

ಇದು ಲೆಕ್ಕವೇ ಅಲ್ಲ, ಆದರೂ ಹೆಚ್ಚು ಮಾಡೆಲ್‌ಗಳು ಕೆಡುವುದು ಇಲ್ಲೇ. ಸೋಮವಾರ ಸ್ಕ್ಯಾನ್ ಮಾಡಿ, ಉಳಿದ ಪುಡಿಯನ್ನು ಕಾಗದದ ಕವರಿನಲ್ಲಿಟ್ಟು, ಗುರುವಾರ ಕೆಲ್ಡಾಲ್‌ಗೆ ತೂಗಿದರೆ ಏನಾಗುತ್ತದೆ ನೋಡಿ. ಸ್ಕ್ಯಾನ್ ದಿನ ತೇವಾಂಶ ಶೇ 13, ಪ್ರೋಟೀನ್ 9.00. ಮೂರು ದಿನದಲ್ಲಿ ತೇವಾಂಶ ಶೇ 11ಕ್ಕೆ ಇಳಿದರೆ ಅದೇ ಪುಡಿಯ ಪ್ರೋಟೀನ್ 9.00 × 89 ÷ 87 = 9.21. ಯಾರೂ ತಪ್ಪು ಮಾಡಿಲ್ಲ, ಆದರೂ 0.21 ವ್ಯತ್ಯಾಸ ಹುಟ್ಟಿತು. ನಾವು ಅಳೆಯಲು ಹೊರಟ ಅನಿಶ್ಚಿತತೆಯಷ್ಟೇ ದೊಡ್ಡದು ಅದು.

ಹಾಗಾಗಿ ಒಂದೇ ಜರಡಿಯಲ್ಲಿ ಪುಡಿ ಮಾಡಿ, ಚೆನ್ನಾಗಿ ಕಲಸಿ, ಡಬ್ಬಿ ಮುಚ್ಚಿಡಿ. ಸ್ಕ್ಯಾನ್ ಮತ್ತು ಕೆಲ್ಡಾಲ್ ತೂಕ ಒಂದೇ ದಿನ ಆಗಲಿ. ಆಗದಿದ್ದರೆ ಎರಡೂ ದಿನ ತೇವಾಂಶ ನೋಡಿ, ಎಲ್ಲವನ್ನೂ ಒಣ ತೂಕದ ಆಧಾರಕ್ಕೆ ತನ್ನಿ. ಕೆಲವು ಸ್ಯಾಂಪಲ್ ಇದ್ದ ಹಾಗೆ, ಕೆಲವು ಒಣ ತೂಕದಲ್ಲಿ ಎಂಬ ಮಿಶ್ರಣ ಮಾತ್ರ ಬೇಡವೇ ಬೇಡ.

ಹಂತ 2: ರೆಫರೆನ್ಸ್ ದೋಷವನ್ನು ಎರಡಾಗಿ ಒಡೆಯಿರಿ

ರೆಫರೆನ್ಸ್ ದೋಷದಲ್ಲಿ ಎರಡು ಜಾತಿ. ಒಮ್ಮೆ ಮೇಲೆ, ಒಮ್ಮೆ ಕೆಳಗೆ ಬೀಳುವ ಏರುಪೇರು ಒಂದು. ಎಲ್ಲ ಸ್ಯಾಂಪಲ್‌ಗಳನ್ನೂ ಒಂದೇ ಕಡೆಗೆ ಜಗ್ಗುವ ವಾಲಿಕೆ ಇನ್ನೊಂದು. ಅರವತ್ತು ಸ್ಯಾಂಪಲ್ ಸೇರಿಸಿ ರಿಗ್ರೆಷನ್ ಹಾಕಿದಾಗ ಏರುಪೇರು ಬಹುಪಾಲು ತನ್ನಲ್ಲೇ ಸಾಟಿಯಾಗಿ ಹೋಗುತ್ತದೆ. ವಾಲಿಕೆ ಹೋಗುವುದಿಲ್ಲ, ಮಾಡೆಲ್ ಅದನ್ನು ಪೂರ್ತಿ ಕಲಿತುಬಿಡುತ್ತದೆ. ಮುಂದೆ ಒಂದನ್ನು ಲೆಕ್ಕದಿಂದ ಕಳೆಯುತ್ತೇವೆ, ಇನ್ನೊಂದನ್ನು ಕೂಡುತ್ತೇವೆ. ಇವೆರಡನ್ನು ಅದಲುಬದಲು ಮಾಡಿದರೆ ಉಳಿದ ಲೆಕ್ಕವೆಲ್ಲ ಹಾಳು.

ಮೊದಲು ಏರುಪೇರು. ಪ್ರತಿ ಜೋಡಿಯ ವ್ಯತ್ಯಾಸವನ್ನು ವರ್ಗ ಮಾಡಿ, ಎಲ್ಲ ಕೂಡಿ, ಜೋಡಿಗಳ ಸಂಖ್ಯೆಯ ಎರಡರಷ್ಟರಿಂದ ಭಾಗಿಸಿ:

ವ್ಯತ್ಯಾಸಗಳ ವರ್ಗಗಳ ಮೊತ್ತ 3.89, 3.89 ÷ (2 × 60) = 0.0324, ವರ್ಗಮೂಲ 0.18.

ಇದು ಒಂದು ಅಳತೆಯದ್ದು. ಮಾಡೆಲ್‌ಗೆ ಕೊಡುವುದು ಎರಡರ ಸರಾಸರಿಯಾದ್ದರಿಂದ 0.0324 ÷ 2 = 0.0162. ಈ 0.0162 ಅನ್ನು ಪಕ್ಕಕ್ಕೆ ಬರೆದಿಟ್ಟುಕೊಳ್ಳಿ.

ಸಾಮಾನ್ಯ ತಪ್ಪು ಎಂದರೆ ಎರಡು ಕೊಳವೆಗಳನ್ನು ಒಂದೇ ಡೈಜೆಷನ್ ಬ್ಲಾಕಿನಲ್ಲಿ ಅಕ್ಕಪಕ್ಕ ಇಟ್ಟು ಡುಪ್ಲಿಕೇಟ್ ಎನ್ನುವುದು. ಬಿಸಿ ಒಂದೇ, ಆಮ್ಲ ಒಂದೇ, ಬ್ಯೂರೆಟ್ ಓದುವ ಕಣ್ಣೂ ಒಂದೇ. ವ್ಯತ್ಯಾಸ ಮುದ್ದಾಗಿ ಕಡಿಮೆ ಬರುತ್ತದೆ, ನಿಜವಾದ ಏರುಪೇರು ಅಡಗಿಕೊಳ್ಳುತ್ತದೆ. ಎರಡನೆಯ ಕೊಳವೆ ಬೇರೆ ದಿನ, ಸಾಧ್ಯವಾದರೆ ಬೇರೆಯವರ ಕೈಯಲ್ಲಿ, ಬೇರೆ ಕೋಡ್ ನಂಬರಿನಲ್ಲಿ ಆಗಲಿ. ಎರಡೂ ದಿನದ ತೂಕವನ್ನು ಹಂತ 1ರಲ್ಲಿ ಹೇಳಿದಂತೆ ಒಣ ತೂಕಕ್ಕೆ ತನ್ನಿ. ಬ್ಯೂರೆಟ್ ಎಷ್ಟು ಸೂಕ್ಷ್ಮ ಎಂಬ ಅಂದಾಜು ಬೇಕಿದ್ದರೆ: 1 ಗ್ರಾಂ ಪುಡಿ, 0.1 ನಾರ್ಮಲ್ ಆಮ್ಲ ಇದ್ದಾಗ 0.1 ಮಿಲಿಲೀಟರ್ ಓದುವ ತಪ್ಪು ಎಂದರೆ 0.14 ಮಿಲಿಗ್ರಾಂ ನೈಟ್ರೋಜನ್, ಅಂದರೆ ಪ್ರೋಟೀನ್‌ನಲ್ಲಿ ಸುಮಾರು 0.09.

ಇನ್ನು ವಾಲಿಕೆ. ಇದಕ್ಕೆ ಡುಪ್ಲಿಕೇಟ್ ಉಪಯೋಗಕ್ಕೆ ಬರುವುದಿಲ್ಲ. ರೆಫರೆನ್ಸ್ ಮೆಟೀರಿಯಲ್ ಅನ್ನು ಬೇರೆ ಬೇರೆ ದಿನ ಹಲವು ಸಲ ಮಾಡಿ, ಸರಾಸರಿಯನ್ನು ಪ್ರಮಾಣಪತ್ರದ ಬೆಲೆಗೆ ಹೋಲಿಸಿ. ವಾಲಿಕೆ ಸ್ಪಷ್ಟವಾಗಿ ಕಂಡರೆ ಕಾರಣ ಹುಡುಕಿ ಸರಿಮಾಡಿ. ಕಾಣದಿದ್ದರೂ ಅದರ ಅನಿಶ್ಚಿತತೆ ಸೊನ್ನೆಯಲ್ಲ: ಪ್ರಮಾಣಪತ್ರದ ಅನಿಶ್ಚಿತತೆ ಮತ್ತು ನಿಮ್ಮ ಸರಾಸರಿಯ ಪ್ರಮಾಣಿತ ದೋಷ, ಎರಡರ ವರ್ಗ ಕೂಡಿ ವರ್ಗಮೂಲ ತೆಗೆಯಿರಿ. ಪ್ರಮಾಣಪತ್ರದಲ್ಲಿ ಗುಣಕ 2 ಹಾಕಿ ಬರೆದಿದ್ದರೆ ಮೊದಲು ಅರ್ಧ ಮಾಡಿಕೊಳ್ಳಿ. ಇಲ್ಲಿ ಅದು 0.08 ಎಂದಿಟ್ಟುಕೊಳ್ಳೋಣ, ವರ್ಗ 0.0064.

ಅಮೋನಿಯಂ ಸಲ್ಫೇಟ್ ಚೆನ್ನಾಗಿ ಬಂತು, ಹಾಗಾಗಿ ವಾಲಿಕೆ ಇಲ್ಲ ಎನ್ನುವವರಿದ್ದಾರೆ. ಅದರಲ್ಲಿರುವ ನೈಟ್ರೋಜನ್ ಆಗಲೇ ಅಮೋನಿಯಂ ರೂಪದಲ್ಲಿರುವುದರಿಂದ ಅದು ಪರೀಕ್ಷಿಸುವುದು ಡಿಸ್ಟಿಲೇಷನ್ ಮತ್ತು ಟೈಟ್ರೇಷನ್ ಮಾತ್ರ. ಡೈಜೆಷನ್ ಪೂರ್ತಿಯಾಯಿತೇ ಎಂದು ತಿಳಿಯಲು ಟ್ರಿಪ್ಟೊಫ್ಯಾನ್‌ನಂಥದ್ದನ್ನು ಹಾಕಿ ನೋಡಬೇಕು.

ಹಂತ 3: ಪರೀಕ್ಷೆಯ ಗುಂಪನ್ನು ಬೇರೆ ತೆಗೆದು ಬೀಗ ಹಾಕಿ

ಎಎಸ್‌ಟಿಎಂ ಇ1655 ಎಂಬ ಮಾನದಂಡದ ಪ್ರಕಾರ ಸರಾಸರಿ ಕಳೆದ 6 ಫ್ಯಾಕ್ಟರ್ ಮಾಡೆಲ್‌ಗೆ ಕನಿಷ್ಠ 42 ಸ್ಯಾಂಪಲ್, ಪರೀಕ್ಷೆಗೆ ಕನಿಷ್ಠ 24 ಬೇಕು. ನಮ್ಮ 60 ಮತ್ತು 24 ಇದಕ್ಕೆ ಸಾಕು.

ವಿಂಗಡಣೆ ಲೋಡ್ ಪ್ರಕಾರ, ಹಂಗಾಮಿನ ಪ್ರಕಾರ ಇರಲಿ. ಒಂದೇ ಲಾರಿಯಿಂದ ತೆಗೆದ ನಾಲ್ಕು ಸ್ಯಾಂಪಲ್‌ಗಳಲ್ಲಿ ಮೂರು ಮಾಡೆಲ್‌ಗೆ, ಒಂದು ಪರೀಕ್ಷೆಗೆ ಹೋದರೆ ಪ್ರಶ್ನೆಪತ್ರಿಕೆ ಮೊದಲೇ ಸೋರಿದ ಹಾಗೆ. ಕೆನಾರ್ಡ್-ಸ್ಟೋನ್ ವಿಧಾನದ ಬಗ್ಗೆಯೂ ಹುಷಾರು: ಅದು ಅಂಚಿನ ಸ್ಯಾಂಪಲ್‌ಗಳನ್ನೆಲ್ಲ ಮಾಡೆಲ್‌ಗೆ ಆರಿಸಿಕೊಂಡು, ನಡುವಿನ ಸುಲಭದವನ್ನು ಪರೀಕ್ಷೆಗೆ ಬಿಡುತ್ತದೆ. ಮಾಡೆಲ್‌ಗೆ ಅದು ಒಳ್ಳೆಯದೇ, ಆದರೆ ಹಾಗೆ ಬಂದ ಆರ್‌ಎಂಎಸ್‌ಇಪಿ (ಪರೀಕ್ಷೆಯ ಗುಂಪಿನ ದೋಷ) ನಿಜಕ್ಕಿಂತ ಕಡಿಮೆ ಇರುತ್ತದೆ.

ಹಂತ 4: ಮಾಡೆಲ್ ಕಟ್ಟಿ, ಫ್ಯಾಕ್ಟರ್ ಸಂಖ್ಯೆ ನಿಲ್ಲಿಸಿ

ಇಲ್ಲಿ ಮೂರೇ ಮಾತು. ಒಂದು ಸ್ಯಾಂಪಲ್‌ನ ಎಲ್ಲ ಸ್ಪೆಕ್ಟ್ರಂಗಳೂ ಕ್ರಾಸ್ ವ್ಯಾಲಿಡೇಷನ್‌ನಲ್ಲಿ (ಕೆಲವನ್ನು ಹೊರಗಿಟ್ಟು ಮಾಡೆಲ್ ಕಟ್ಟಿ, ಅವುಗಳ ಮೇಲೇ ಪರೀಕ್ಷಿಸುವುದು) ಒಟ್ಟಿಗೇ ಒಳಗೆ, ಒಟ್ಟಿಗೇ ಹೊರಗೆ ಹೋಗಬೇಕು. ಎಂಎಸ್‌ಸಿಯ (ಬೆಳಕು ಚದುರುವುದರ ಪರಿಣಾಮ ತಿದ್ದುವ ವಿಧಾನ) ಸರಾಸರಿ ಸ್ಪೆಕ್ಟ್ರಂ, ತರಂಗಾಂತರಗಳ ಆಯ್ಕೆ ಇವು ಕ್ರಾಸ್ ವ್ಯಾಲಿಡೇಷನ್ ಸುತ್ತಿನ ಒಳಗೇ ನಡೆಯಬೇಕು. ಎಸ್‌ಎನ್‌ವಿ, ಸವಿಟ್ಜ್ಕಿ-ಗೊಲೇ ಎಂಬ ತಿದ್ದುಪಡಿಗಳು ಒಂದೊಂದು ಸ್ಪೆಕ್ಟ್ರಂನ ಮೇಲೆ ಮಾತ್ರ ನಡೆಯುವುದರಿಂದ ಅವಕ್ಕೆ ಈ ಚಿಂತೆ ಇಲ್ಲ. ಆರ್‌ಎಂಎಸ್‌ಇಸಿವಿ 6ರಿಂದ 9 ಫ್ಯಾಕ್ಟರ್‌ವರೆಗೆ ಚಪ್ಪಟೆಯಾಗಿದ್ದರೆ 6ರಲ್ಲಿ ನಿಲ್ಲಿ, ತಳದ ಬಿಂದು 9ರಲ್ಲಿದೆ ಎಂದು ಅದರ ಹಿಂದೆ ಓಡಬೇಡಿ.

ಹಂತ 5: ಎಂಎಸ್‌ಇಸಿಯನ್ನು ಸರಿಯಾದ ಸಂಖ್ಯೆಯಿಂದ ಭಾಗಿಸಿ

ಎಂಎಸ್‌ಇಸಿ ಎಂದರೆ ಮಾಡೆಲ್ ಕಟ್ಟಿದ ಸ್ಯಾಂಪಲ್‌ಗಳ ಉಳಿಕೆಗಳ (ರೆಫರೆನ್ಸ್ ಬೆಲೆಗೂ ಮಾಡೆಲ್ ಉತ್ತರಕ್ಕೂ ಇರುವ ವ್ಯತ್ಯಾಸ) ವರ್ಗಗಳ ಮೊತ್ತವನ್ನು ಡಿಗ್ರೀಸ್ ಆಫ್ ಫ್ರೀಡಂನಿಂದ (ಸ್ಯಾಂಪಲ್ ಸಂಖ್ಯೆಯಲ್ಲಿ ಮಾಡೆಲ್ ಖರ್ಚು ಮಾಡಿದ್ದನ್ನು ಕಳೆದು ಉಳಿದದ್ದು) ಭಾಗಿಸಿದ್ದು. ನಮ್ಮ ಮೊತ್ತ 3.18. ಇದನ್ನು ಎಷ್ಟರಿಂದ ಭಾಗಿಸುವುದು?

ಹಲವು ಸಾಫ್ಟ್‌ವೇರ್‌ಗಳು 60ರಿಂದಲೇ ಭಾಗಿಸುತ್ತವೆ. ಆರ್‌ನ ಪಿಎಲ್‌ಎಸ್ ಪ್ಯಾಕೇಜ್ ತೋರಿಸುವ ತರಬೇತಿ ದೋಷವೂ ಹೀಗೆಯೇ. 3.18 ÷ 60 = 0.0530. ಇದು ತೀರಾ ಕಡಿಮೆ. ಪುಸ್ತಕದ ಲೆಕ್ಕ 60 − 6 − 1 = 53; ಉತ್ತರ 0.0600. ಇದೂ ಸ್ವಲ್ಪ ಉದಾರವೇ. ಏಕೆಂದರೆ ಪಿಎಲ್‌ಎಸ್ ತನ್ನ ಫ್ಯಾಕ್ಟರ್‌ಗಳನ್ನು ಪ್ರೋಟೀನ್ ಬೆಲೆ ನೋಡಿಕೊಂಡೇ ಆರಿಸುತ್ತದೆ, ಹಾಗಾಗಿ ಒಂದು ಫ್ಯಾಕ್ಟರ್ ಒಂದಕ್ಕಿಂತ ಹೆಚ್ಚು ಡಿಗ್ರಿ ತಿನ್ನುತ್ತದೆ.

ಕೆಲಸಕ್ಕೆ ಬರುವ ಅಡ್ಡದಾರಿಯೊಂದಿದೆ. 60ರಿಂದ ಭಾಗಿಸಿದ ಆರ್‌ಎಂಎಸ್‌ಇಸಿ (ಎಂಎಸ್‌ಇಸಿಯ ವರ್ಗಮೂಲ) 0.230, ಆರ್‌ಎಂಎಸ್‌ಇಸಿವಿ 0.275. ಎರಡರ ಅನುಪಾತ 0.837.

ಖರ್ಚಾದ ಡಿಗ್ರಿ = 60 × (1 − 0.837) = 9.8

ಅಂದರೆ 7 ಅಲ್ಲ, ಸುಮಾರು 10. ಎಂಎಸ್‌ಇಸಿ = 3.18 ÷ 50.2 = 0.0633. ಅರವತ್ತು ಸ್ಯಾಂಪಲ್ ಇರುವಾಗ 0.0600ಕ್ಕೂ 0.0633ಕ್ಕೂ ಅಂಥ ಅಂತರವಿಲ್ಲ. ಇಪ್ಪತ್ತೈದು ಸ್ಯಾಂಪಲ್‌ನ ಮಾಡೆಲ್‌ನಲ್ಲಿ ಈ ಅಂತರ ನಿಮ್ಮನ್ನು ಮುಳುಗಿಸಬಲ್ಲದು.

ಎಚ್ಚರಿಕೆಯ ಗುರುತು: ಖರ್ಚಾದ ಡಿಗ್ರಿ ಸ್ಯಾಂಪಲ್‌ಗಳ ಅರ್ಧಕ್ಕೆ ಹತ್ತಿರ ಬಂದರೆ ಮಾಡೆಲ್ ಬಾಯಿಪಾಠ ಮಾಡಿದೆ. ಮುಂದಿನ ಹಂತಕ್ಕೆ ಹೋಗದೆ ಹಂತ 4ಕ್ಕೆ ವಾಪಸ್ ಹೋಗಿ.

ಹಂತ 6: ಹೊಸ ಸ್ಯಾಂಪಲ್‌ನ ಲೆವರೇಜ್ ತೆಗೆಯಿರಿ

ಮಾಡೆಲ್ ಕಂಡ ಸ್ಯಾಂಪಲ್‌ಗಳ ನಡುಬಿಂದುವಿನಿಂದ ಹೊಸ ಸ್ಯಾಂಪಲ್ ಎಷ್ಟು ದೂರ ಎಂಬುದೇ ಲೆವರೇಜ್. ಪ್ರತಿ ಸ್ಯಾಂಪಲ್‌ಗೂ ± ಬೇರೆ ಬೇರೆ ಬರುವುದು ಇದರಿಂದ. ಸಾಫ್ಟ್‌ವೇರ್ ಹೊಟೆಲಿಂಗ್ ಟಿ-ಸ್ಕ್ವೇರ್ ಮಾತ್ರ ಕೊಟ್ಟರೂ ಚಿಂತೆಯಿಲ್ಲ:

ಲೆವರೇಜ್ = 1 ÷ 60 + ಟಿ-ಸ್ಕ್ವೇರ್ ÷ 59

ಟಿ-ಸ್ಕ್ವೇರ್ 3.74 ಇದ್ದರೆ 0.0167 + 0.0634 = 0.08. ಕೆಲವು ಸಾಫ್ಟ್‌ವೇರ್‌ಗಳ ಲೆವರೇಜ್‌ನಲ್ಲಿ 1 ÷ 60 ಸೇರಿರುತ್ತದೆ, ಕೆಲವದರಲ್ಲಿ ಇಲ್ಲ. ಪತ್ತೆ ಹಚ್ಚುವುದು ಸುಲಭ: ಮಾಡೆಲ್‌ನ 60 ಸ್ಯಾಂಪಲ್‌ಗಳ ಲೆವರೇಜ್ ಕೂಡಿ. ಮೊತ್ತ 7 ಬಂದರೆ ಸೇರಿದೆ, 6 ಬಂದರೆ ಸೇರಿಲ್ಲ.

ಬೇಲಿ ಎಲ್ಲಿ? ಸರಾಸರಿ ಲೆವರೇಜ್‌ನ ಮೂರು ಪಟ್ಟು, ಅಂದರೆ 3 × 7 ÷ 60 = 0.35. ಅದರಾಚೆ ಇದ್ದರೆ ಅದು ಮಾಡೆಲ್‌ಗೆ ಗೊತ್ತಿಲ್ಲದ ಊರು. ಇದರ ಜೊತೆಗೆ ಸ್ಪೆಕ್ಟ್ರಂನ ಉಳಿಕೆಯನ್ನೂ (ಮಾಡೆಲ್ ವಿವರಿಸಲಾಗದೆ ಬಿಟ್ಟ ಭಾಗ) ನೋಡಲೇಬೇಕು. ಬೂಷ್ಟು ಹಿಡಿದ ಕಾಳಿನಲ್ಲೋ ಕಲಬೆರಕೆಯಲ್ಲೋ ಮಾಡೆಲ್ ಕಂಡೇ ಇಲ್ಲದ ವಸ್ತು ಇದ್ದರೆ ಲೆವರೇಜ್ ಕಡಿಮೆಯೇ ಇರಬಹುದು, ಉಳಿಕೆ ಮಾತ್ರ ಹಾರಿರುತ್ತದೆ. ಆಗ ಕೆಳಗಿನ ಸೂತ್ರ ಚಂದದ ಅಂಕಿ ಕೊಡುತ್ತದೆ, ಅದಕ್ಕೆ ಅರ್ಥವಿರುವುದಿಲ್ಲ.

ಹಂತ 7: ಸೂತ್ರಕ್ಕೆ ಹಾಕಿ

ಅನಿಶ್ಚಿತತೆಯ ವರ್ಗ = (1 + ಲೆವರೇಜ್) × ಎಂಎಸ್‌ಇಸಿ − ರೆಫರೆನ್ಸ್ ಏರುಪೇರಿನ ವರ್ಗ

ಬ್ರಾಕೆಟ್ಟಿನೊಳಗಿನ 1 ಈ ಸ್ಯಾಂಪಲ್‌ನ ಸ್ವಂತ ದೋಷದ್ದು. ಲೆವರೇಜ್ ಮಾಡೆಲ್‌ನ ಅಲುಗಾಟದ್ದು. ಕಳೆಯುವುದೇಕೆ ಎಂದು ಎಲ್ಲರೂ ತಡವರಿಸುತ್ತಾರೆ. ಎಂಎಸ್‌ಇಸಿಯನ್ನು ಅಳೆದದ್ದು ಕೆಲ್ಡಾಲ್ ಬೆಲೆಗೆ ಹೋಲಿಸಿ. ಹಾಗಾಗಿ ಕೆಲ್ಡಾಲ್‌ನ ಅಲುಗಾಟ ಅದರಲ್ಲಿ ಕೂತಿದೆ. ಆದರೆ ಹೊಸ ಸ್ಯಾಂಪಲ್‌ಗೆ ಕೆಲ್ಡಾಲ್ ಮಾಡಿಯೇ ಇಲ್ಲ, ಬರೀ ಸ್ಕ್ಯಾನ್. ಮಾಡದ ಪರೀಕ್ಷೆಯ ದೋಷವನ್ನು ಅದರ ತಲೆಗೆ ಕಟ್ಟಬಾರದು.

ಲೆವರೇಜ್ 0.08: 1.08 × 0.0633 − 0.0162 = 0.0522, ವರ್ಗಮೂಲ 0.228.

ಲೆವರೇಜ್ 0.30: 1.30 × 0.0633 − 0.0162 = 0.0661; ವರ್ಗಮೂಲ 0.257.

ಲೆವರೇಜ್ 0.80 ಹಾಕಿದರೂ 0.313 ಎಂದು ಉತ್ತರ ಬರುತ್ತದೆ. ಅದನ್ನು ಬರೆಯಬೇಡಿ. ಬೇಲಿಯಾಚೆಯ ಸ್ಯಾಂಪಲ್ ಕೆಲ್ಡಾಲ್‌ಗೆ ಹೋಗಲಿ.

ಇಲ್ಲಿ ಮಾಡುವ ತಪ್ಪುಗಳಲ್ಲಿ ದೊಡ್ಡದು 0.0162 ಅನ್ನು ಕಳೆಯುವ ಬದಲು ಕೂಡುವುದು. ಸುರಕ್ಷಿತವಾಗಿರಲಿ ಎಂದು ಕೂಡುತ್ತಾರೆ. ಆದದ್ದು ಒಂದೇ ದೋಷವನ್ನು ಎರಡು ಸಲ ಎಣಿಸಿದ್ದು. ಇನ್ನೊಂದು, ಎಂಎಸ್‌ಇಸಿ ಎರಡರ ಸರಾಸರಿಯಿಂದ ಬಂದಿದ್ದರೂ ಒಂದು ಅಳತೆಯ 0.0324 ಅನ್ನು ಕಳೆಯುವುದು.

ಎಚ್ಚರಿಕೆಯ ಗುರುತು: ವರ್ಗಮೂಲದೊಳಗೆ ಋಣ ಸಂಖ್ಯೆ ಅಥವಾ ಸೊನ್ನೆಯ ಆಸುಪಾಸು ಬಂದರೆ ಸೂತ್ರವನ್ನು ಬೈಯಬೇಡಿ. ಒಂದೋ ರೆಫರೆನ್ಸ್ ಏರುಪೇರನ್ನು ಹೆಚ್ಚು ಅಂದಾಜಿಸಿದ್ದೀರಿ, ಇಲ್ಲವೇ ಫ್ಯಾಕ್ಟರ್ ಹೆಚ್ಚಾಗಿ ಎಂಎಸ್‌ಇಸಿ ಕೃತಕವಾಗಿ ಕುಗ್ಗಿದೆ.

ಹಂತ 8: ಸೂತ್ರ ಕಾಣದ ಎರಡು ದೋಷ ಸೇರಿಸಿ

ಮೊದಲನೆಯದು ಕಪ್ ತುಂಬುವುದು. ಮಾಡೆಲ್ ಕಟ್ಟುವಾಗ ಶ್ರದ್ಧೆಯಿಂದ ಮೂರು ಸಲ ಕಪ್ ತುಂಬಿ ಸರಾಸರಿ ತೆಗೆದಿರುತ್ತೀರಿ. ಗೇಟಿನಲ್ಲಿ ಲಾರಿ ಸಾಲು ನಿಂತಾಗ ಒಂದೇ ಸಲ. ಎಂಎಸ್‌ಇಸಿಗೆ ಈ ಆತುರ ಗೊತ್ತಿಲ್ಲ.

ಅಳೆಯುವುದು ಹೀಗೆ: ಒಂದೇ ಪುಡಿಯನ್ನು ಹತ್ತು ಸಲ ಸುರಿದು, ಕಲಸಿ, ಮತ್ತೆ ತುಂಬಿ ಸ್ಕ್ಯಾನ್ ಮಾಡಿ, ಹತ್ತು ಪ್ರೋಟೀನ್ ಉತ್ತರಗಳ ಪ್ರಮಾಣಿತ ವಿಚಲನೆ ತೆಗೆಯಿರಿ. ಕಪ್ ಅಲುಗಿಸದೆ ಹತ್ತು ಸಲ ಬಟನ್ ಒತ್ತಿದರೆ ಸಿಗುವುದು ಉಪಕರಣದ ಗದ್ದಲ ಮಾತ್ರ; ಅದು ಸಾಮಾನ್ಯವಾಗಿ ಕಪ್ ತುಂಬುವ ದೋಷದ ಮುಂದೆ ಪುಟಾಣಿ. ಪ್ರತಿ ತರಂಗಾಂತರದ ಗದ್ದಲ ಅಳೆದು ರಿಗ್ರೆಷನ್ ಗುಣಾಂಕಗಳಿಂದ ಗುಣಿಸುವ ಉದ್ದದ ದಾರಿಯೂ ಇದೆ. ಆದರೆ ಪಕ್ಕಪಕ್ಕದ ತರಂಗಾಂತರಗಳ ಗದ್ದಲ ಒಂದಕ್ಕೊಂದು ಅಂಟಿಕೊಂಡಿರುತ್ತದೆ, ಸವಿಟ್ಜ್ಕಿ-ಗೊಲೇ ಹಾಕಿದ ಮೇಲಂತೂ ಇನ್ನೂ ಹೆಚ್ಚು. ಹತ್ತು ಉತ್ತರಗಳ ವಿಚಲನೆಯಲ್ಲಿ ಆ ಅಂಟು ತಾನಾಗಿಯೇ ಲೆಕ್ಕಕ್ಕೆ ಬಂದಿರುತ್ತದೆ.

ಒಂದು ಕಪ್ಪಿಗೆ ವಿಚಲನೆ 0.10 ಬಂತು, ವರ್ಗ 0.0100. ಮೂರು ಕಪ್ಪಿನ ಸರಾಸರಿಯಲ್ಲಿ 0.0033 ಆಗಲೇ ಎಂಎಸ್‌ಇಸಿಯಲ್ಲಿದೆ. ಸೇರಿಸಬೇಕಾದ್ದು ವ್ಯತ್ಯಾಸ ಮಾತ್ರ: 0.0067.

ಎರಡನೆಯದು ಹಂತ 2ರ ವಾಲಿಕೆಯ 0.0064. ತಿಂಗಳಿಡೀ ಬಳಸಿದ ಆಮ್ಲದ ನಾರ್ಮಾಲಿಟಿಯನ್ನು ಶೇ 1 ಹೆಚ್ಚು ಎಂದು ಬರೆದುಕೊಂಡಿದ್ದರೆ 9.00 ಇರಬೇಕಾದ್ದೆಲ್ಲ 9.09 ಆಗುತ್ತದೆ. ಪರೀಕ್ಷೆಯ 24 ಸ್ಯಾಂಪಲ್‌ಗಳಿಗೂ ಅದೇ ಆಮ್ಲ. ಹಾಗಾಗಿ ಕ್ರಾಸ್ ವ್ಯಾಲಿಡೇಷನ್, ಆರ್‌ಎಂಎಸ್‌ಇಪಿ, ಬೂಟ್‌ಸ್ಟ್ರ್ಯಾಪ್ ಯಾವುದರ ಕಣ್ಣಿಗೂ ಅದು ಬೀಳುವುದಿಲ್ಲ.

ಲೆವರೇಜ್ 0.08: 0.0522 + 0.0067 + 0.0064 = 0.0653; ವರ್ಗಮೂಲ 0.256, ಗುಣಕ 2 ಹಾಕಿದರೆ ± 0.51.

ಲೆವರೇಜ್ 0.30: 0.0661 + 0.0067 + 0.0064 = 0.0792, ವರ್ಗಮೂಲ 0.281, ± 0.56.

ಮೊದಲ ಸಾಲಿನ ± 0.28ಕ್ಕೆ ಇದನ್ನು ಹೋಲಿಸಿ ನೋಡಿ. ಡಿಗ್ರಿ 50ರ ಸುತ್ತ ಇರುವುದರಿಂದ ಟಿ ಬೆಲೆ 2.01, ಗುಣಕ 2 ಸಾಕು. ಡಿಗ್ರಿ 15ಕ್ಕೆ ಇಳಿದರೆ 2.13 ಹಾಕಿ.

ಗೇಟಿನಲ್ಲಿ ಲಾರಿಯಿಂದ ಸ್ಯಾಂಪಲ್ ತೆಗೆಯುವ ದೋಷ ಇದರಲ್ಲಿಲ್ಲ. ಈ ± ಡಬ್ಬಿಯೊಳಗಿನ ಪುಡಿಗೆ ಸಂಬಂಧಿಸಿದ್ದು, ಇಡೀ ಲೋಡಿಗಲ್ಲ.

ಹಂತ 9: ಬೀಗ ಹಾಕಿಟ್ಟ 24 ಸ್ಯಾಂಪಲ್ ತೆಗೆಯಿರಿ

ಈಗ ನಿಮ್ಮ ಅಂದಾಜಿಗೇ ಪರೀಕ್ಷೆ. ಮೊದಲು ವಾಲಿಕೆ: 24 ವ್ಯತ್ಯಾಸಗಳ ಸರಾಸರಿ, ವಿಚಲನೆ 0.26 ಇದ್ದಾಗ, 2.07 × 0.26 ÷ √24 = 0.11 ದಾಟಿದರೆ ಅದು ಆಕಸ್ಮಿಕವಲ್ಲ. ಕಾರಣ ಹುಡುಕದೆ ಸುಮ್ಮನೆ ಆ ಸರಾಸರಿ ಕಳೆದು ಮುಂದೆ ಹೋಗಬೇಡಿ.

ಆಮೇಲೆ ಆರ್‌ಎಂಎಸ್‌ಇಪಿ. ಅದು 0.26 ಬಂದರೆ 0.0676 − 0.0162 = 0.0514, ವರ್ಗಮೂಲ 0.227. ಹಂತ 7ರಲ್ಲಿ ಬಂದ 0.228ಕ್ಕೆ ಒಪ್ಪುತ್ತದೆ. ಇಷ್ಟು ಚೆನ್ನಾಗಿ ಒಪ್ಪುವುದು ಉದಾಹರಣೆಯಲ್ಲಿ ಮಾತ್ರ. 24 ಸ್ಯಾಂಪಲ್‌ನಿಂದ ಬಂದ 0.26 ನಿಜದಲ್ಲಿ 0.20ರಿಂದ 0.36ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಅದು ಶೇ 95ರ ಮಿತಿ. ಆರ್‌ಎಂಎಸ್‌ಇಪಿಯನ್ನು ಮೂರು ದಶಮಾಂಶಕ್ಕೆ ಬರೆದು ಎರಡು ಮಾಡೆಲ್‌ಗಳ ನಡುವೆ ಗೆದ್ದವರಾರು ಎಂದು ತೀರ್ಪು ಕೊಡುವವರು ಈ ಸಾಲನ್ನು ಇನ್ನೊಮ್ಮೆ ಓದಲಿ.

ಕೊನೆಗೆ ಎಷ್ಟು ಸ್ಯಾಂಪಲ್ ± ಒಳಗೆ ಬಿದ್ದವು ಎಂದು ಎಣಿಸಿ. ಇಲ್ಲೊಂದು ಬಲೆ ಇದೆ: ಹೋಲಿಸುತ್ತಿರುವುದು ಕೆಲ್ಡಾಲ್ ಬೆಲೆಗೆ, ಅದಕ್ಕೂ ತನ್ನದೇ ಅಲುಗಾಟವಿದೆ. ಆದ್ದರಿಂದ ಈ ಎಣಿಕೆಗೆ ಮಾತ್ರ ಕಳೆಯದ ಅಗಲ ಬಳಸಿ: 2 × √(1.08 × 0.0633) = 0.52. ವಾಲಿಕೆಯ 0.0064 ಇಲ್ಲಿ ಬೇಡ, ಎರಡೂ ಕಡೆ ಒಂದೇ ಲ್ಯಾಬ್. ಪರೀಕ್ಷೆಯ ಸ್ಯಾಂಪಲ್‌ಗಳನ್ನೂ ಮೂರು ಕಪ್ ಮಾಡಿದ್ದರೆ 0.0067 ಕೂಡ ಬೇಡ.

24ರಲ್ಲಿ ಒಂದೆರಡು ಹೊರಗೆ ಬೀಳುವುದು ಸಹಜ, ಮೂರಾದರೂ ಸಹಿಸಬಹುದು. ಅಂದಾಜು ಸರಿಯಿದ್ದರೆ ನಾಲ್ಕೋ ಹೆಚ್ಚೋ ಹೊರಗೆ ಬೀಳುವ ಸಂಭವ ನೂರಕ್ಕೆ ಮೂರು ಮಾತ್ರ. ಹಾಗಾದರೆ ಎಲ್ಲಿ ಬಿದ್ದವು ಎಂದು ನೋಡಿ. ಎಲ್ಲವೂ ಹೆಚ್ಚು ಪ್ರೋಟೀನ್ ಕಡೆಗಿದ್ದರೆ ದೋಷ ಸಾಂದ್ರತೆಯೊಂದಿಗೆ ಬೆಳೆಯುತ್ತಿದೆ, ಒಂದೇ ಎಂಎಸ್‌ಇಸಿ ಎಲ್ಲರಿಗೂ ಹೊಂದುತ್ತಿಲ್ಲ. ವ್ಯಾಪ್ತಿಯನ್ನು ಎರಡಾಗಿ ಒಡೆದು ಬೇರೆ ಬೇರೆ ಎಂಎಸ್‌ಇಸಿ ತೆಗೆಯಿರಿ. ಎಲ್ಲವೂ ಒಂದೇ ಹಂಗಾಮಿನವಾದರೆ ಆ ಹಂಗಾಮು ಮಾಡೆಲ್‌ನಲ್ಲಿಲ್ಲ.

ಬೂಟ್‌ಸ್ಟ್ರ್ಯಾಪ್ ಮಾಡುವವರಿಗೆ

ಸೂತ್ರದ ಮೇಲೆ ನಂಬಿಕೆ ಕಡಿಮೆ ಇದ್ದಾಗ, ಅಥವಾ ಪಿಎಲ್‌ಎಸ್ ಅಲ್ಲದ ಮಾಡೆಲ್ ಇದ್ದಾಗ ಇದು ದಾರಿ. 60 ಸ್ಯಾಂಪಲ್‌ಗಳಿಂದ ಪುನರಾವರ್ತನೆಗೆ ಅವಕಾಶವಿಟ್ಟು 60 ಎತ್ತಿ, ಮಾಡೆಲ್ ಕಟ್ಟಿ, ಹೊಸ ಸ್ಯಾಂಪಲ್‌ಗೆ ಉತ್ತರ ಪಡೆಯಿರಿ. ಹೀಗೆ 1000 ಸಲ. ಫ್ಯಾಕ್ಟರ್ ಸಂಖ್ಯೆಯನ್ನೂ ಪ್ರತಿ ಸಲ ಹೊಸದಾಗಿ ಆರಿಸಿದರೆ ಆಯ್ಕೆಯ ಅಲುಗಾಟವೂ ಒಳಗೆ ಬರುತ್ತದೆ.

ಸಿಕ್ಕ 1000 ಉತ್ತರಗಳ ವಿಚಲನೆಯನ್ನೇ ಅನಿಶ್ಚಿತತೆ ಎಂದು ಬರೆದರೆ ಕೆಟ್ಟಿತು. ಅದು ಮಾಡೆಲ್‌ನ ಅಲುಗಾಟ ಮಾತ್ರ, ಸೂತ್ರದ ಭಾಷೆಯಲ್ಲಿ ಲೆವರೇಜ್ × ಎಂಎಸ್‌ಇಸಿ. ಲೆವರೇಜ್ 0.08 ಇರುವಲ್ಲಿ √(0.08 × 0.0633) = 0.07, ± 0.14. ನಿಜ ± 0.51. ಸ್ಯಾಂಪಲ್‌ನ ಸ್ವಂತ ದೋಷ, ಅಂದರೆ ಎಂಎಸ್‌ಇಸಿಯಿಂದ 0.0162 ಕಳೆದ ಭಾಗ, ಮತ್ತು ಹಂತ 8ರ ಎರಡೂ ಅಂಕಿಗಳನ್ನು ನೀವೇ ಸೇರಿಸಬೇಕು.

ಉಳಿಕೆಗಳನ್ನು ಕಲಸುವ ಬೂಟ್‌ಸ್ಟ್ರ್ಯಾಪ್ ಮಾಡುವುದಾದರೆ ಮೊದಲು ಪ್ರತಿ ಉಳಿಕೆಯನ್ನೂ √(1 − 9.8 ÷ 60) = 0.915ರಿಂದ ಭಾಗಿಸಿ. ಮಾಡೆಲ್ ಅವನ್ನು ಕುಗ್ಗಿಸಿದೆ. ಹಿಗ್ಗಿಸದೆ ಬಳಸಿದರೆ ಉತ್ತರವೂ ಕುಗ್ಗುತ್ತದೆ.

ಹಂತ 10: ಬರೆಯುವುದು, ಮತ್ತೆ ಲೆಕ್ಕ ಹಾಕುವುದು

ರಿಪೋರ್ಟಿನಲ್ಲಿ: ಪ್ರೋಟೀನ್ 9.12 ± 0.51 ಗ್ರಾಂ/100 ಗ್ರಾಂ, ಒಣ ತೂಕದ ಆಧಾರ, ವ್ಯಾಪ್ತಿ ಗುಣಕ 2, ಸುಮಾರು ಶೇ 95 ವಿಶ್ವಾಸ ಮಟ್ಟ, ಎನ್‌ಐಆರ್ ವಿಧಾನ, ಪ್ರಯೋಗಾಲಯಕ್ಕೆ ಬಂದ ಸ್ಯಾಂಪಲ್‌ಗೆ ಮಾತ್ರ ಅನ್ವಯ. ಲೆವರೇಜ್ ಗಿರಾಕಿಗೆ ಬೇಡ, ನಿಮ್ಮ ಕಡತದಲ್ಲಿ ಇರಲಿ.

ಸ್ಪ್ರೆಡ್‌ಶೀಟಿನಲ್ಲಿ ಟಿ-ಸ್ಕ್ವೇರ್ ಮತ್ತು ಸ್ಪೆಕ್ಟ್ರಂ ಉಳಿಕೆ ಎರಡನ್ನೇ ತುಂಬಿಸುವ ಹಾಗೆ ಮಾಡಿಡಿ. ± ತಾನಾಗಿ ಬರಲಿ, ಬೇಲಿ ದಾಟಿದರೆ ಕೋಶ ಕೆಂಪಾಗಲಿ ಮತ್ತು ± ಬದಲು ‘ಕೆಲ್ಡಾಲ್‌ಗೆ ಕಳಿಸಿ’ ಎಂದು ಬರಲಿ. ಅವಸರದಲ್ಲಿರುವವರು ಅಂಕಿ ಕಂಡರೆ ಬರೆದೇ ಬಿಡುತ್ತಾರೆ.

ದೀಪ ಬದಲಿಸಿದಾಗ, ಗಿರಣಿಯ ಜರಡಿ ಬದಲಿಸಿದಾಗ, ಮಾಡೆಲ್ ಅನ್ನು ಬೇರೆ ಉಪಕರಣಕ್ಕೆ ಒಯ್ದಾಗ ಹಂತ 8ರ ಹತ್ತು ಕಪ್ ಮತ್ತು ಹಂತ 9 ಎರಡನ್ನೂ ಮತ್ತೆ ಮಾಡಿ. ಹೊಸ ಹಂಗಾಮಿನ ಸ್ಯಾಂಪಲ್ ಸೇರಿಸಿ ಮಾಡೆಲ್ ಕಟ್ಟಿದರೆ ಹಂತ 4ರಿಂದ ಶುರು. ಕೆಲ್ಡಾಲ್ ಮಾಡುವವರು ಬದಲಾದರೆ ಹಂತ 2ರಿಂದ. ಹಳಬರು ಬಿಟ್ಟುಹೋಗುವ ಮುನ್ನ ಒಂದು ಹತ್ತು ಸ್ಯಾಂಪಲ್‌ಗಳನ್ನಾದರೂ ಇಬ್ಬರಿಂದಲೂ ಮಾಡಿಸಿಟ್ಟುಕೊಳ್ಳಿ.